ಹತ್ತು ಸೆಂಟಿನ ಪುಸ್ತಕಕ್ಕೆ ಐವತ್ತು ಕೋಟಿ ಏಕೆ?

ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದಲ್ಲಿ ಪೂರೈಕೆಯ ಸ್ಥಿತಿಸ್ಥಾಪಕತ್ವದ ಪಾಠ ಮುಗಿಸಿ ನಾನು ಹೊರಗೆ ಬರುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ವರಾಂಡದಲ್ಲಿ ನನ್ನನ್ನು ನಿಲ್ಲಿಸಿ ಕೇಳಿದ: "ಸರ್, 1938ರಲ್ಲಿ ಹತ್ತು ಸೆಂಟಿಗೆ ಮಾರಿದ ಒಂದು ಕಾಮಿಕ್ಸ್ ಪುಸ್ತಕ 2024ರಲ್ಲಿ ಅರವತ್ತು ಲಕ್ಷ ಡಾಲರಿಗೆ ಹೋಗಿದೆ. ನಮ್ಮ ದುಡ್ಡಿನಲ್ಲಿ ಸುಮಾರು ಐವತ್ತು ಕೋಟಿ. ಕೊಂಡವರಿಗೆ ತಲೆ ಸರಿ ಇದೆಯಾ?"

ನಾನು ನಕ್ಕು, "ಈಗ ತಾನೇ ಪಾಠ ಮಾಡಿದೆನಲ್ಲ, ಬೇಡಿಕೆ ಹೆಚ್ಚು, ಪೂರೈಕೆ ಕಡಿಮೆ" ಎಂದು ಹೇಳಿ ಸ್ಟಾಫ್ ರೂಮಿನ ಕಡೆ ಹೊರಟೆ. ಅವನು ಬಿಡಲಿಲ್ಲ. "ಪೂರೈಕೆ ಕಡಿಮೆ ಅಂದರೆ ಸಾಕಾ ಸರ್? ನಮ್ಮಜ್ಜನ ಅಂಗಡಿಯ ಲೆಕ್ಕದ ಪುಸ್ತಕ ಇಡೀ ಜಗತ್ತಿನಲ್ಲಿ ಒಂದೇ ಇರುವುದು. ಅದಕ್ಕೆ ಹತ್ತು ರೂಪಾಯಿ ಕೂಡ ಯಾರೂ ಕೊಡುವುದಿಲ್ಲವಲ್ಲ?"

ಇಪ್ಪತ್ತು ವರ್ಷ ಅರ್ಥಶಾಸ್ತ್ರ ಕಲಿಸಿದ ನನಗೆ ಆ ಕ್ಷಣದಲ್ಲಿ ಉತ್ತರ ಹೊಳೆಯಲಿಲ್ಲ. "ನಾಳೆ ಹೇಳುತ್ತೇನೆ" ಎಂದು ತಪ್ಪಿಸಿಕೊಂಡೆ. ಅವನು ಸುಮ್ಮನೆ ಕುತೂಹಲಕ್ಕೆ ಕೇಳಿದ್ದಲ್ಲ ಎಂಬುದು ಒಂದು ವಾರ ಕಳೆದ ಮೇಲೆ ತಿಳಿಯಿತು. ಆ ಸಂಗತಿಯನ್ನು ಕೊನೆಗೆ ಹೇಳುತ್ತೇನೆ. ಮೊದಲು ಅವನ ಪ್ರಶ್ನೆಗೆ ಬಾಕಿ ಇರುವ ಉತ್ತರ.

ಮೊದಲ ದರ್ಶನ ಎಂದರೇನು?

ಅವನು ಹೇಳಿದ ಪುಸ್ತಕದ ಹೆಸರು 'ಆಕ್ಷನ್ ಕಾಮಿಕ್ಸ್', ಸಂಚಿಕೆ 1. ಮುಖಪುಟದ ಮೇಲೆ 1938 ಜೂನ್ ಎಂದು ಅಚ್ಚಾಗಿದ್ದರೂ ಅಮೆರಿಕದ ಅಂಗಡಿಗಳಿಗೆ ಬಂದದ್ದು ಏಪ್ರಿಲಿನಲ್ಲಿ. ಸೂಪರ್‌ಮ್ಯಾನ್ ಓದುಗರಿಗೆ ಮೊದಲ ಸಲ ಕಾಣಿಸಿಕೊಂಡದ್ದು ಅದರಲ್ಲಿ. ಒಂದು ಪಾತ್ರ ಮೊದಲ ಬಾರಿಗೆ ಅಚ್ಚಿನಲ್ಲಿ ಕಾಣಿಸಿಕೊಂಡ ಸಂಚಿಕೆಯನ್ನು ಸಂಗ್ರಾಹಕರು ಆ ಪಾತ್ರದ 'ಮೊದಲ ದರ್ಶನ' ಎಂದು ಲೆಕ್ಕ ಹಾಕುತ್ತಾರೆ. ಬ್ಯಾಟ್‌ಮ್ಯಾನ್‌ಗೆ ಅದು 1939ರ 'ಡಿಟೆಕ್ಟಿವ್ ಕಾಮಿಕ್ಸ್' 27ನೇ ಸಂಚಿಕೆ. ಸ್ಪೈಡರ್‌ಮ್ಯಾನ್‌ಗೆ 1962ರ 'ಅಮೇಜಿಂಗ್ ಫ್ಯಾಂಟಸಿ' 15ನೇ ಸಂಚಿಕೆ.

ಈ ಎರಡು ಸಂಖ್ಯೆಗಳನ್ನು ಗಮನಿಸಿ. ಒಂದು 27, ಇನ್ನೊಂದು 15. ಪಾತ್ರದ ಮೊದಲ ದರ್ಶನವೂ ಪತ್ರಿಕೆಯ ಮೊದಲ ಸಂಚಿಕೆಯೂ ಒಂದೇ ಅಲ್ಲ. ಸ್ಪೈಡರ್‌ಮ್ಯಾನ್ ಹೆಸರಿನಲ್ಲೇ ಪತ್ರಿಕೆ ಶುರುವಾದದ್ದು 1963ರಲ್ಲಿ. ಆ ಪತ್ರಿಕೆಯ 1ನೇ ಸಂಚಿಕೆಗಿಂತ, ಬೇರೆ ಹೆಸರಿನ ಪತ್ರಿಕೆಯ ಆ 15ನೇ ಸಂಚಿಕೆಗೇ ಬೆಲೆ ಹೆಚ್ಚು. ಸಂಗ್ರಾಹಕನಿಗೆ ಮುಖ್ಯವಾದದ್ದು ಮುಖಪುಟದ ಮೇಲಿನ ಅಂಕಿಯಲ್ಲ, ಒಳಗೆ ಹುಟ್ಟಿದ ಪಾತ್ರ.

ಪೂರೈಕೆ: ಅಚ್ಚಾದದ್ದಲ್ಲ, ಉಳಿದದ್ದು

ಆಕ್ಷನ್ ಕಾಮಿಕ್ಸ್ ಮೊದಲ ಸಂಚಿಕೆ ಸುಮಾರು ಎರಡು ಲಕ್ಷ ಪ್ರತಿ ಅಚ್ಚಾಗಿತ್ತು. ಎರಡು ಲಕ್ಷ ಎಂದರೆ ಅಪರೂಪದ ವಸ್ತುವಲ್ಲ. ಇಂದು ಉಳಿದಿರುವುದು ನೂರರ ಆಸುಪಾಸು ಎಂದು ತಿಳಿದವರು ಅಂದಾಜು ಮಾಡುತ್ತಾರೆ. ಎಂದರೆ ಎರಡು ಸಾವಿರಕ್ಕೆ ಒಂದು. ಉಳಿದವು ಎಲ್ಲಿ ಹೋದವು?

ಮಕ್ಕಳು ಓದಿದರು, ಮಡಚಿ ಜೇಬಿಗೆ ತುರುಕಿದರು, ಗೆಳೆಯರಿಗೆ ಕೊಟ್ಟರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಹಳೆಯ ಕಾಗದ ಸಂಗ್ರಹಿಸುವ ಅಭಿಯಾನ ಜೋರಾಗಿ ನಡೆಯಿತು. ಮನೆಯಲ್ಲಿದ್ದ ಕಾಮಿಕ್ಸ್ ಕಟ್ಟುಗಳು ದೇಶಸೇವೆಯ ಹೆಸರಿನಲ್ಲಿ ರದ್ದಿಗೆ ಹೋದವು. ಯುದ್ಧ ಮುಗಿದ ಮೇಲೆ, ಕಾಮಿಕ್ಸ್ ಓದಿ ಮಕ್ಕಳು ಕೆಡುತ್ತಾರೆ ಎಂಬ ಗುಲ್ಲು ಎದ್ದಿತು. ಕೆಲವು ಊರುಗಳಲ್ಲಿ ಅವನ್ನು ರಾಶಿ ಹಾಕಿ ಸುಟ್ಟರು. 1954ರಲ್ಲಿ ಅಮೆರಿಕದ ಸೆನೆಟ್ ಸಮಿತಿಯೇ ಈ ಬಗ್ಗೆ ವಿಚಾರಣೆ ನಡೆಸಿತು. ಇಷ್ಟೆಲ್ಲ ದಾಟಿ ಬಂದ ಪ್ರತಿಗಳೇ ಇಂದಿನ ಪೂರೈಕೆ.

ಪಾಠದಲ್ಲಿ ನಾವು ಎಳೆದ ಲಂಬವಾದ ಪೂರೈಕೆ ರೇಖೆ ನೆನಪಿದೆಯೇ? ಬೆಲೆ ಎಷ್ಟೇ ಏರಿದರೂ ಪೂರೈಕೆ ಅಲುಗುವುದಿಲ್ಲ. ಟೊಮೆಟೊ ದುಬಾರಿಯಾದರೆ ರೈತ ಮುಂದಿನ ಬಾರಿ ಹೆಚ್ಚು ಬೆಳೆಯುತ್ತಾನೆ. 1938ರ ಪುಸ್ತಕವನ್ನು ಇಂದು ಯಾರೂ ಬೆಳೆಯಲಾರರು. ಪೂರೈಕೆ ಪೂರ್ಣ ಅಸ್ಥಿತಿಸ್ಥಾಪಕವಾಗಿರುವಾಗ ಬೇಡಿಕೆಯಲ್ಲಾದ ಏರಿಕೆಯೆಲ್ಲ ನೇರವಾಗಿ ಬೆಲೆಗೇ ಹೋಗಿ ಕೂರುತ್ತದೆ.

ಬೇಡಿಕೆ: ಅಜ್ಜನ ಲೆಕ್ಕದ ಪುಸ್ತಕಕ್ಕೆ ಏಕಿಲ್ಲ?

ಇನ್ನು ಹುಡುಗನ ಗಟ್ಟಿ ಪ್ರಶ್ನೆ. ಅಪರೂಪವೊಂದೇ ಬೆಲೆ ತರುವುದಿಲ್ಲ. ಇದಕ್ಕೆ ಆಕ್ಷನ್ ಕಾಮಿಕ್ಸ್ ಮೊದಲ ಸಂಚಿಕೆಯ ಒಳಗೇ ಸಾಕ್ಷಿ ಇದೆ. ಆ ಸಂಚಿಕೆಯಲ್ಲಿ ಇದ್ದದ್ದು ಸೂಪರ್‌ಮ್ಯಾನ್ ಒಬ್ಬನೇ ಅಲ್ಲ. ಜಟಾರಾ ಎಂಬ ಜಾದೂಗಾರನೂ ಅದರಲ್ಲೇ ಮೊದಲು ಕಾಣಿಸಿಕೊಂಡ. ಚಕ್ ಡಾಸನ್ ಎಂಬ ಕುದುರೆ ಸವಾರನ ಕಥೆಯಿತ್ತು, ಮಾರ್ಕೊ ಪೋಲೊನ ಸಾಹಸವಿತ್ತು. ಅದೇ ಕಾಗದ, ಅದೇ ಮಸಿ, ಅದೇ ದಿನ, ಉಳಿದ ಪ್ರತಿಗಳೂ ಅಷ್ಟೇ. ಆದರೂ ಐವತ್ತು ಕೋಟಿ ಕೊಟ್ಟವರು ಜಟಾರಾನಿಗಾಗಿ ಕೊಟ್ಟದ್ದಲ್ಲ.

ವ್ಯತ್ಯಾಸ ಮಾಡಿದ್ದು ನಂತರದ ಎಂಬತ್ತು ವರ್ಷ. ಸೂಪರ್‌ಮ್ಯಾನ್ ಕಥೆ ನಿಲ್ಲಲಿಲ್ಲ. ರೇಡಿಯೋ, ಟಿವಿ, ಸಿನಿಮಾಗಳಿಗೆ ಬಂದ. ತಾತ ಓದಿದ್ದನ್ನು ಮೊಮ್ಮಗ ಪರದೆಯ ಮೇಲೆ ನೋಡಿದ. ಪ್ರತಿ ತಲೆಮಾರಿನಲ್ಲೂ ಅವನನ್ನು ಬಲ್ಲವರು ಹೆಚ್ಚಾದರು. ಆ ಎಲ್ಲ ಕಥೆಗಳ ಬೇರು ಹುಡುಕುತ್ತ ಹೋದರೆ ಸಿಗುವುದು ಒಂದೇ ಪುಸ್ತಕ. ಎರಡನೆಯ ಕಥೆ, ನೂರನೆಯ ಕಥೆ ಎಷ್ಟೇ ಚೆನ್ನಾಗಿರಲಿ, ಅವುಗಳ ಜಾಗದಲ್ಲಿ ಇನ್ನೊಂದು ಕಥೆಯನ್ನಿಟ್ಟು ಓದಬಹುದು. ಮೊದಲನೆಯದಕ್ಕೆ ಬದಲಿ ಇಲ್ಲ. ಬದಲಿ ಸರಕು ಇಲ್ಲದ ವಸ್ತುವಿನ ಬೇಡಿಕೆ ಹೇಗಿರುತ್ತದೆ ಎಂದು ನೀವೇ ಪರೀಕ್ಷೆಯಲ್ಲಿ ಬರೆಯುತ್ತೀರಿ.

ಇಲ್ಲಿ ಇನ್ನೊಂದು ಸಂಗತಿ ಇದೆ. ಹುಟ್ಟುವಾಗ ಇದು 'ಮೊದಲನೆಯದು' ಎಂದು ಯಾರಿಗೂ ಗೊತ್ತಿರಲಿಲ್ಲ. ಆಕ್ಷನ್ ಕಾಮಿಕ್ಸ್‌ನ ಮುಂದಿನ ಕೆಲವು ಸಂಚಿಕೆಗಳ ಮುಖಪುಟದಲ್ಲಿ ಸೂಪರ್‌ಮ್ಯಾನ್ ಚಿತ್ರವೇ ಇರಲಿಲ್ಲ. ಪ್ರಕಾಶಕರಿಗೇ ಅವನ ಮೇಲೆ ಭರವಸೆ ಬಂದಿರಲಿಲ್ಲ. ಸ್ಪೈಡರ್‌ಮ್ಯಾನ್ ಕಾಣಿಸಿಕೊಂಡ ಅಮೇಜಿಂಗ್ ಫ್ಯಾಂಟಸಿ 15ನೇ ಸಂಚಿಕೆಯಂತೂ ಆ ಪತ್ರಿಕೆಯ ಕೊನೆಯ ಸಂಚಿಕೆ. ಮುಚ್ಚುವ ಅಂಗಡಿಯಲ್ಲಿ ಹುಟ್ಟಿದ ಪಾತ್ರ ಅದು. ಹನ್ನೆರಡು ಸೆಂಟಿಗೆ ಮಾರಿದ ಆ ಸಂಚಿಕೆಯ ಬಹಳ ಚೆನ್ನಾಗಿ ಉಳಿದ ಒಂದು ಪ್ರತಿ 2021ರಲ್ಲಿ 36 ಲಕ್ಷ ಡಾಲರಿಗೆ ಹರಾಜಾಯಿತು. ಯಾರಿಗೂ ಬೇಡವಾಗಿದ್ದರಿಂದ ಯಾರೂ ಜೋಪಾನ ಮಾಡಲಿಲ್ಲ, ಜೋಪಾನ ಮಾಡದ್ದರಿಂದ ಪೂರೈಕೆ ಕುಸಿಯಿತು, ಆಮೇಲೆ ಎಲ್ಲರಿಗೂ ಬೇಕಾಯಿತು. ಬೆಲೆಯ ಗುಟ್ಟು ಈ ಮೂರರ ಸಾಲಿನಲ್ಲಿದೆ.

ಅಜ್ಜನ ಲೆಕ್ಕದ ಪುಸ್ತಕಕ್ಕೆ ಮೊದಲ ಎರಡೂ ಇವೆ, ಮೂರನೆಯದು ಇಲ್ಲ. ಅದನ್ನು ಬಯಸುವವರು ಆ ಮನೆಯವರು ಮಾತ್ರ. ಮನೆಯವರಿಗೆ ಅದು ಬೆಲೆ ಕಟ್ಟಲಾಗದ್ದೇ ಆಗಿರಬಹುದು. ಆದರೆ ಅದು ಮಾರುಕಟ್ಟೆಯ ಬೆಲೆಯಲ್ಲ.

ಯಾವುದು ನಿಜವಾಗಿ ಮೊದಲು?

ಮೊದಲು ಎಂಬುದು ಸುಲಭದ ಮಾತು ಎಂದುಕೊಳ್ಳಬೇಡಿ. ವುಲ್ವರಿನ್ ಪಾತ್ರವನ್ನು ತೆಗೆದುಕೊಳ್ಳಿ. 1974ರ ಅಕ್ಟೋಬರಿನ 'ಇನ್‌ಕ್ರೆಡಿಬಲ್ ಹಲ್ಕ್' 180ನೇ ಸಂಚಿಕೆಯ ಕೊನೆಯ ಪುಟದಲ್ಲಿ ಅವನು ಒಮ್ಮೆ ಎದುರಾಗುತ್ತಾನೆ, ಅಷ್ಟರಲ್ಲಿ ಸಂಚಿಕೆ ಮುಗಿಯುತ್ತದೆ. ನವೆಂಬರಿನ 181ನೇ ಸಂಚಿಕೆಯಲ್ಲಿ ಮುಖಪುಟದ ಮೇಲೂ ಇದ್ದಾನೆ, ಕಥೆಯ ಉದ್ದಕ್ಕೂ ಹೊಡೆದಾಡುತ್ತಾನೆ. ಇಸವಿ ತಿಂಗಳು ನೋಡಿದರೆ 180 ಮೊದಲು. ಆದರೆ ಸಂಗ್ರಾಹಕರು ಹೆಚ್ಚು ಬೆಲೆ ಕೊಡುವುದು 181ಕ್ಕೆ. ಮೊದಲನೆಯದನ್ನು 'ಇಣುಕು ನೋಟ' ಎಂದೂ ಎರಡನೆಯದನ್ನು 'ಪೂರ್ಣ ದರ್ಶನ' ಎಂದೂ ಅವರು ಬೇರೆ ಮಾಡಿಕೊಂಡಿದ್ದಾರೆ. ಇದು ನಿಸರ್ಗದ ನಿಯಮವಲ್ಲ, ಕೊಳ್ಳುವವರೂ ಮಾರುವವರೂ ಕಾಲಕ್ರಮದಲ್ಲಿ ಒಪ್ಪಿಕೊಂಡ ರೂಢಿ.

ನಮ್ಮ ವಿದ್ಯಾರ್ಥಿನಿಯರಲ್ಲಿ ಹಲವರಿಗೆ ಪರಿಚಯವಿರುವ ಕಮಲಾ ಖಾನ್ ವಿಷಯದಲ್ಲೂ ಇದೇ ಗೊಂದಲ. ನ್ಯೂಜೆರ್ಸಿಯ ಜೆರ್ಸಿ ಸಿಟಿಯಲ್ಲಿ ಬೆಳೆದ, ಪಾಕಿಸ್ತಾನಿ ಮೂಲದ ಮುಸ್ಲಿಂ ಹುಡುಗಿಯ ಪಾತ್ರ ಅದು. ಸಂಪಾದಕಿ ಸನಾ ಅಮಾನತ್, ಲೇಖಕಿ ಜಿ. ವಿಲೋ ವಿಲ್ಸನ್ ಮತ್ತಿತರರು ಸೇರಿ ರೂಪಿಸಿದ್ದು. 2014ರಲ್ಲಿ 'ಮಿಸ್ ಮಾರ್ವೆಲ್' ಎಂಬ ಪತ್ರಿಕೆಯೇ ಅವಳ ಕಥೆಗಾಗಿ ಶುರುವಾಯಿತು. ಅದರ ಮೊದಲ ಸಂಪುಟ 2015ರಲ್ಲಿ ಹ್ಯೂಗೊ ಪ್ರಶಸ್ತಿ ಪಡೆಯಿತು. 2022ರಲ್ಲಿ ಟಿವಿ ಸರಣಿಯಾಯಿತು. ಆದರೆ ಅವಳು ಮೊದಲು ಕಂಡದ್ದು 2013ರ 'ಕ್ಯಾಪ್ಟನ್ ಮಾರ್ವೆಲ್' 14ನೇ ಸಂಚಿಕೆಯಲ್ಲಿ, ಜನರ ನಡುವೆ ಹೆಸರಿಲ್ಲದ ಒಬ್ಬ ಹುಡುಗಿಯಾಗಿ, ಒಂದೇ ಚೌಕದಲ್ಲಿ. ಮುಂದೆ 17ನೇ ಸಂಚಿಕೆಯಲ್ಲಿ ಹೆಸರಿನೊಂದಿಗೆ ಬಂದಳು. ಆ 17ನೇ ಸಂಚಿಕೆಯ ಎರಡನೇ ಮುದ್ರಣದ ಮುಖಪುಟಕ್ಕೆ ಅವಳ ಚಿತ್ರ ಹಾಕಿದರು. ಸಾಮಾನ್ಯವಾಗಿ ಮೊದಲ ಮುದ್ರಣಕ್ಕೆ ಬೆಲೆ. ಇಲ್ಲಿ ಎರಡನೇ ಮುದ್ರಣವನ್ನು ಹುಡುಕಿಕೊಂಡು ಹೋಗುವವರು ಹೆಚ್ಚು, ಏಕೆಂದರೆ ಅವಳು ಮುಖಪುಟದಲ್ಲಿ ಕಂಡದ್ದು ಅಲ್ಲೇ ಮೊದಲು.

ಪುಸ್ತಕದ ಆರೋಗ್ಯ

ಒಂದೇ ಸಂಚಿಕೆಯ ಎರಡು ಪ್ರತಿಗಳ ನಡುವೆ ನೂರು ಪಟ್ಟು ಬೆಲೆ ವ್ಯತ್ಯಾಸ ಇರಬಹುದು. ಕಾರಣ, ಸ್ಥಿತಿ. 2000ದಲ್ಲಿ ಶುರುವಾದ ಸಿ.ಜಿ.ಸಿ. ಎಂಬ ಸಂಸ್ಥೆ ಪುಸ್ತಕವನ್ನು ಪರೀಕ್ಷಿಸಿ 0.5ರಿಂದ 10.0ರವರೆಗೆ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಸೀಲ್ ಮಾಡಿ ಕೊಡುತ್ತದೆ. 2024ರಲ್ಲಿ ಅರವತ್ತು ಲಕ್ಷ ಡಾಲರಿಗೆ ಹೋದ ಪ್ರತಿಗೆ ಸಿಕ್ಕಿದ್ದ ಅಂಕ 8.5. ಅಂಕ ಬಂದ ಮೇಲೆ ದೂರದ ಊರಿನ ಕೊಳ್ಳುಗನೂ ಕಣ್ಣಾರೆ ನೋಡದೆ ನಂಬಿ ದುಡ್ಡು ಕೊಡಬಲ್ಲ. ಮಾರುಕಟ್ಟೆಯಲ್ಲಿ ನಂಬಿಕೆಗೂ ಒಂದು ಬೆಲೆಯಿದೆ ಎಂಬುದಕ್ಕೆ ಇದು ಉದಾಹರಣೆ.

ವಿಜ್ಞಾನ ವಿಭಾಗದವರಿಗೆ ಒಂದು ಮಾತು. ಹಳೆಯ ಕಾಮಿಕ್ಸ್ ಅಚ್ಚಾದದ್ದು ಅಗ್ಗದ ನ್ಯೂಸ್‌ಪ್ರಿಂಟ್ ಮೇಲೆ. ಅದರಲ್ಲಿ ಮರದ ಲಿಗ್ನಿನ್ ಹಾಗೆಯೇ ಉಳಿದಿರುತ್ತದೆ. ಬೆಳಕು, ಗಾಳಿ ತಾಗಿದಾಗ ಅದು ಉತ್ಕರ್ಷಣಗೊಂಡು ಕಾಗದ ಹಳದಿಯಾಗುತ್ತದೆ. ಕಾಗದದಲ್ಲಿರುವ ಆಮ್ಲ ಸೆಲ್ಯುಲೋಸ್ ಸರಪಳಿಗಳನ್ನು ತುಂಡರಿಸುವುದರಿಂದ ಪುಟ ಹಪ್ಪಳದಂತೆ ಪುಡಿಯಾಗುತ್ತದೆ. ಅಮೆರಿಕದ ಕೊಲರಾಡೊದಲ್ಲಿ ಎಡ್ಗರ್ ಚರ್ಚ್ ಎಂಬ ಚಿತ್ರಕಾರ ಹಲವು ವರ್ಷ ಕಾಮಿಕ್ಸ್ ಕೊಂಡು ಮನೆಯಲ್ಲಿ ಒತ್ತೊತ್ತಾಗಿ ಪೇರಿಸಿಟ್ಟಿದ್ದರು. ಒಣ ಹವೆ, ತಂಪು, ಕತ್ತಲು. 1977ರಲ್ಲಿ ಆ ಸಂಗ್ರಹ ವ್ಯಾಪಾರಿಯೊಬ್ಬರ ಕೈಗೆ ಬಂದಾಗ ಸಾವಿರಾರು ಪುಸ್ತಕಗಳು ನಿನ್ನೆ ಅಚ್ಚಾದಂತೆ ಇದ್ದವು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಅದೇ ರಾಶಿ ಇದ್ದಿದ್ದರೆ ಗೆದ್ದಲಿಗೂ ಬೂಷ್ಟಿಗೂ ಪಾಲಾಗುತ್ತಿತ್ತು.

ಕೈತಪ್ಪಿದರೆ ಏನಾಗುತ್ತದೆ ಎಂಬುದಕ್ಕೂ ಒಂದು ಕಥೆ ಇದೆ. 2013ರಲ್ಲಿ ಮಿನೆಸೋಟ ರಾಜ್ಯದಲ್ಲಿ ಹಳೆಯ ಮನೆ ಕೊಂಡ ಒಬ್ಬರಿಗೆ, ಗೋಡೆಯೊಳಗೆ ತುಂಬಿಸಿದ್ದ ಹಳೆಯ ಕಾಗದಗಳ ನಡುವೆ ಆಕ್ಷನ್ ಕಾಮಿಕ್ಸ್ ಮೊದಲ ಸಂಚಿಕೆ ಸಿಕ್ಕಿತು. ಮನೆಯಲ್ಲಿ ನೆಂಟರ ಜೊತೆ ಎಳೆದಾಟವಾಗಿ ಹಿಂಬದಿಯ ರಕ್ಷಾಪುಟ ಹರಿಯಿತು. ಅಂಕ 1.5ಕ್ಕೆ ಇಳಿಯಿತು. ಆದರೂ 1,75,000 ಡಾಲರ್ ಬಂತು. ಆ ಒಂದು ಎಳೆದಾಟಕ್ಕೆ ತೆತ್ತ ಬೆಲೆ ಸುಮಾರು 75,000 ಡಾಲರ್ ಎಂದು ಬಲ್ಲವರು ಹೇಳಿದರು.

ಇನ್ನು ಹಲ್ಕ್ 181ನೇ ಸಂಚಿಕೆ. ಆ ಕಾಲದಲ್ಲಿ ಮಾರ್ವೆಲ್ ಪ್ರಕಾಶಕರು ಪತ್ರಿಕೆಯ ಒಳಪುಟದಲ್ಲಿ ಒಂದು ಚೀಟಿ ಅಚ್ಚು ಹಾಕಿ, ಅದನ್ನು ಕತ್ತರಿಸಿ ಪುಸ್ತಕಕ್ಕೆ ಅಂಟಿಸಿ ಕೂಡಿಸಿ ಎಂದು ಮಕ್ಕಳಿಗೆ ಹೇಳುತ್ತಿದ್ದರು. ವಿಧೇಯ ಮಕ್ಕಳು ಕತ್ತರಿಸಿದರು. ಇಂದು ಆ ಚೀಟಿ ಇಲ್ಲದ ಪ್ರತಿಯ ಬೆಲೆ ಪಾತಾಳಕ್ಕೆ ಇಳಿಯುತ್ತದೆ. ಬಲ್ಲ ಕೊಳ್ಳುಗರು ಮೊದಲು ತೆರೆದು ನೋಡುವುದು ಆ ಪುಟವನ್ನೇ.

ಎಲ್ಲರೂ ಕೂಡಿಟ್ಟಾಗ

ಇಷ್ಟು ಓದಿದ ಮೇಲೆ ನಿಮ್ಮಲ್ಲಿ ಕೆಲವರಿಗೆ, ಹಾಗಾದರೆ ಇಂದಿನ ಹೊಸ ಪುಸ್ತಕಗಳನ್ನು ಕೊಂಡು ಮುಟ್ಟದೆ ಇಟ್ಟರೆ ಆಯಿತಲ್ಲ ಎನ್ನಿಸಿರಬಹುದು. ಅಮೆರಿಕದಲ್ಲಿ ಲಕ್ಷಾಂತರ ಜನರಿಗೆ 1990ರ ದಶಕದ ಆರಂಭದಲ್ಲಿ ಹಾಗೆಯೇ ಅನ್ನಿಸಿತು. 1991ರ 'ಎಕ್ಸ್-ಮೆನ್' ಮೊದಲ ಸಂಚಿಕೆ ಬೇರೆ ಬೇರೆ ಮುಖಪುಟಗಳಲ್ಲಿ ಬಂದು ಎಂಬತ್ತು ಲಕ್ಷಕ್ಕೂ ಮೀರಿ ಹೋಯಿತು. ಒಬ್ಬೊಬ್ಬರೇ ಐದೈದು ಕೊಂಡರು. 1992ರ ನವೆಂಬರಿನಲ್ಲಿ ಸೂಪರ್‌ಮ್ಯಾನ್ ಸಾಯುವ ಸಂಚಿಕೆ ಕಪ್ಪು ಚೀಲದಲ್ಲಿ ಬಂತು. ಜನ ಸರದಿಯಲ್ಲಿ ನಿಂತು ಕೊಂಡು, ಚೀಲ ಒಡೆಯದೆ ಕಪಾಟಿನಲ್ಲಿ ಇಟ್ಟರು.

ಮೂವತ್ತು ವರ್ಷ ಕಳೆದರೂ ಆ ಪುಸ್ತಕಗಳು ಒಂದೆರಡು ಊಟದ ದುಡ್ಡಿಗೆ ಸಿಗುತ್ತವೆ. ಎಲ್ಲರೂ ಜೋಪಾನ ಮಾಡಿದ ವಸ್ತು ಅಪರೂಪ ಆಗುವುದಾದರೂ ಹೇಗೆ? ಮಾರಿ ಲಾಭ ಮಾಡುವವರೇ ಕೊಳ್ಳುತ್ತಿದ್ದರೇ ಹೊರತು ಓದುವವರು ಅಷ್ಟಿರಲಿಲ್ಲ ಎಂಬುದು ಬಯಲಾದಾಗ ಗುಳ್ಳೆ ಒಡೆಯಿತು. ಎಷ್ಟೋ ಕಾಮಿಕ್ಸ್ ಅಂಗಡಿಗಳು ಬಾಗಿಲು ಹಾಕಿದವು. 1996ರ ಡಿಸೆಂಬರಿನಲ್ಲಿ ಮಾರ್ವೆಲ್ ಸಂಸ್ಥೆಯೇ ದಿವಾಳಿ ಅರ್ಜಿ ಹಾಕಿತು.

ಇಲ್ಲೊಂದು ಲೆಕ್ಕ ಮಾಡೋಣ. ಹತ್ತು ಸೆಂಟು 86 ವರ್ಷದಲ್ಲಿ ಅರವತ್ತು ಲಕ್ಷ ಡಾಲರ್ ಆಗಬೇಕಾದರೆ ವರ್ಷಕ್ಕೆ ಸರಾಸರಿ ಶೇ 23ರಂತೆ ಬೆಳೆಯಬೇಕು. ಕೇಳಲು ಬಲು ಚೆಂದ. ಆದರೆ ಇದು ಗೆದ್ದ ಒಂದು ಪ್ರತಿಯ ಲೆಕ್ಕ. ಎರಡು ಸಾವಿರಕ್ಕೆ ಒಂದರಂತೆ ಉಳಿದ ಪ್ರತಿಗಳಲ್ಲೂ ಅತ್ಯುತ್ತಮವಾದ ಬೆರಳೆಣಿಕೆಯವುಗಳಲ್ಲಿ ಅದು ಒಂದು. ರದ್ದಿಗೆ ಹೋದ 1,999 ಪ್ರತಿಗಳ ಲೆಕ್ಕವನ್ನು ಯಾವ ಸುದ್ದಿಯೂ ಬರೆಯುವುದಿಲ್ಲ. ಗೆದ್ದವರನ್ನಷ್ಟೇ ನೋಡಿ ಆಟದ ಬಗ್ಗೆ ತೀರ್ಮಾನ ಮಾಡಬಾರದು.

ಬರೆದವರಿಗೆ ಸಿಕ್ಕಿದ್ದೆಷ್ಟು?

ಈ ಲೇಖನಕ್ಕಾಗಿ ಓದುವಾಗ ನನ್ನನ್ನು ಹೆಚ್ಚು ಕಾಡಿದ್ದು ಹರಾಜಿನ ಅಂಕಿಗಳಲ್ಲ. ಸೂಪರ್‌ಮ್ಯಾನ್ ಪಾತ್ರವನ್ನು ಸೃಷ್ಟಿಸಿದವರು ಕ್ಲೀವ್‌ಲ್ಯಾಂಡಿನ ಇಬ್ಬರು ಯುವಕರು, ಬರೆದವರು ಜೆರ್ರಿ ಸೀಗಲ್, ಚಿತ್ರ ಬಿಡಿಸಿದವರು ಜೋ ಶುಸ್ಟರ್. ಹದಿಮೂರು ಪುಟಕ್ಕೆ ಪುಟಕ್ಕೆ ಹತ್ತು ಡಾಲರಿನಂತೆ 130 ಡಾಲರ್ ಪಡೆದು, ಪಾತ್ರದ ಎಲ್ಲ ಹಕ್ಕುಗಳನ್ನೂ ಪ್ರಕಾಶಕರಿಗೆ ಬರೆದುಕೊಟ್ಟರು. ಮುಂದೆ ಕೋರ್ಟಿಗೆ ಹೋದರು, ಹಕ್ಕು ಮರಳಿ ಸಿಗಲಿಲ್ಲ, ಪುಸ್ತಕದ ಮೇಲಿನ ಹೆಸರೂ ಹೋಯಿತು. ಅವರ ಕಷ್ಟ ಸುದ್ದಿಯಾದ ಮೇಲೆ 1975ರಲ್ಲಿ ವರ್ಷಕ್ಕೆ 20,000 ಡಾಲರ್ ಪಿಂಚಣಿಯೂ ಹೆಸರೂ ಮರಳಿ ಬಂದವು. ಬ್ಯಾಟ್‌ಮ್ಯಾನ್ ರೂಪಿಸುವುದರಲ್ಲಿ ದೊಡ್ಡ ಪಾಲಿದ್ದ ಬಿಲ್ ಫಿಂಗರ್ 1974ರಲ್ಲಿ ತೀರಿಕೊಂಡರು. ಅವರ ಹೆಸರು ಅಧಿಕೃತವಾಗಿ ಸೇರಿದ್ದು 2015ರಲ್ಲಿ.

ಸೀಗಲ್ ಮತ್ತು ಶುಸ್ಟರ್ ಅವರಿಗೆ ಕೊಟ್ಟ ಆ 130 ಡಾಲರನ್ನು ಒಳಗೊಂಡ ಹಳೆಯ ಚೆಕ್ ಇತ್ತಲ್ಲ, ಅದು 2012ರಲ್ಲಿ ಹರಾಜಿಗೆ ಬಂದು 1,60,000 ಡಾಲರಿಗೆ ಹೋಯಿತು. ದುಡಿದವರಿಗೆ ಬಂದ ಕೂಲಿಗಿಂತ ಕೂಲಿಯ ಚೀಟಿಗೇ ಸಾವಿರ ಪಟ್ಟು ಬೆಲೆ! ಬೆಲೆ ಯಾರಿಂದ ಹುಟ್ಟುತ್ತದೆ, ಕೊನೆಗೆ ಯಾರ ಕೈಗೆ ಸೇರುತ್ತದೆ ಎಂಬುದು ಬೇರೆ ಬೇರೆ ಪ್ರಶ್ನೆಗಳು. ನಿಮ್ಮಲ್ಲಿ ಬರೆಯುವವರಿದ್ದೀರಿ, ಚಿತ್ರ ಬಿಡಿಸುವವರಿದ್ದೀರಿ, ವಿಡಿಯೋ ಮಾಡುವವರಿದ್ದೀರಿ. ನಾಳೆ ಯಾರಾದರೂ ಒಂದು ಕಾಗದ ಮುಂದಿಟ್ಟರೆ ಪೂರ್ತಿ ಓದಿ, ತಿಳಿದವರಲ್ಲಿ ಕೇಳಿ, ಆಮೇಲೆ ಸಹಿ ಹಾಕಿ.

ನಮ್ಮ ಕಡೆಯ ಮೊದಲುಗಳು

ನಮ್ಮ ದೇಶದಲ್ಲೂ ಇಂಥ ಮೊದಲುಗಳಿವೆ. ಟೈಮ್ಸ್ ಆಫ್ ಇಂಡಿಯಾ ಬಳಗದ 'ಇಂದ್ರಜಾಲ ಕಾಮಿಕ್ಸ್' 1964ರ ಮಾರ್ಚಿನಲ್ಲಿ ಫ್ಯಾಂಟಮ್ ಕಥೆಯೊಂದಿಗೆ ಶುರುವಾಯಿತು. ಫ್ಯಾಂಟಮ್ ನಿಜವಾದ ಮೊದಲ ದರ್ಶನ ಕೊಟ್ಟದ್ದು 1936ರ ಅಮೆರಿಕದ ದಿನಪತ್ರಿಕೆಯಲ್ಲಿ. ಆದ್ದರಿಂದ ಇಂದ್ರಜಾಲದ ಮೊದಲ ಸಂಚಿಕೆ ಪಾತ್ರದ ಮೊದಲಲ್ಲ, ನಮ್ಮ ನೆಲದ ಒಂದು ಪತ್ರಿಕೆಯ ಮೊದಲು. ಅದೇ ಇಂದ್ರಜಾಲದಲ್ಲಿ 1976ರಲ್ಲಿ ಬಂದ ಬಹಾದೂರ್ ಮಾತ್ರ ನಮ್ಮವನೇ. ಸೃಷ್ಟಿಸಿದವರು ಲೇಖಕ ಆಬಿದ್ ಸುರತಿ. ಇನ್ನು 'ಅಮರ ಚಿತ್ರ ಕಥೆ'ಯ ಮೊದಲ ಪುಸ್ತಕಗಳು 1965ರಲ್ಲಿ ಬೆಂಗಳೂರಿನಿಂದ ಕನ್ನಡದಲ್ಲಿ ಬಂದವು, ಪಾಶ್ಚಾತ್ಯ ಮಕ್ಕಳ ಕಥೆಗಳಾಗಿ. ಪ್ರಸಿದ್ಧವಾದ 'ಕೃಷ್ಣ' ಪುಸ್ತಕಕ್ಕೆ 11ನೇ ಸಂಖ್ಯೆ ಇರುವುದು ಮೊದಲ ಹತ್ತು ಇವೇ ಆಗಿದ್ದರಿಂದ. ನಿಮ್ಮ ಮನೆಯ ಅಟ್ಟದಲ್ಲಿ ಅವು ಇದ್ದರೆ ಗುಜರಿಗೆ ಹಾಕುವ ಮೊದಲು ಒಮ್ಮೆ ತೆರೆದು ನೋಡಿ. ನನ್ನ ಬಾಲ್ಯದ 'ಬಾಲಮಂಗಳ' ಕಟ್ಟುಗಳನ್ನು ನಾನು ಪಿಯುಸಿಗೆ ಸೇರಿದ ವರ್ಷ ಉಮ್ಮ ಕಿಲೋ ಲೆಕ್ಕದಲ್ಲಿ ಕೊಟ್ಟುಬಿಟ್ಟರು. ಬಂದ ದುಡ್ಡಿನಲ್ಲಿ ನನಗೊಂದು ಜ್ಯಾಮಿತಿ ಪೆಟ್ಟಿಗೆ ಬಂತು. ದೂರು ಹೇಳುತ್ತಿಲ್ಲ, ಪೂರೈಕೆ ಕುಸಿಯುವುದು ಹೇಗೆ ಎಂದು ಹೇಳುತ್ತಿದ್ದೇನೆ.

ಆ ಹುಡುಗನ ನಾಲ್ಕು ಸಾವಿರ

ಒಂದು ವಾರ ಕಳೆದ ಮೇಲೆ ಆ ಹುಡುಗ ಮತ್ತೆ ಬಂದ. ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ಹಲ್ಕ್ 181! ಯಾರೋ ಅಪರಿಚಿತ ವ್ಯಕ್ತಿ ನಾಲ್ಕು ಸಾವಿರಕ್ಕೆ ಕೊಡುತ್ತೇನೆ ಎಂದಿದ್ದನಂತೆ, ಸಂಜೆಯೊಳಗೆ ಹಣ ಕಳಿಸಬೇಕಂತೆ. ಹುಡುಗನ ಬಳಿ ಎರಡು ಈದ್‌ಗಳಲ್ಲಿ ಕೂಡಿಸಿದ ಹಬ್ಬದ ದುಡ್ಡು ಇತ್ತು. ಏಕೆ ಈ ಆತುರ ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಹೇಳಿದ: ತಂದೆ ಗಲ್ಫ್ ಕೆಲಸ ಬಿಟ್ಟು ಬಂದು ವರ್ಷವಾಯಿತು, ಮುಂದಿನ ವರ್ಷದ ಡಿಗ್ರಿ ಫೀಸಿಗೆ ಮನೆಯಲ್ಲಿ ಕೇಳಲು ಮನಸ್ಸಿಲ್ಲ.

ಇಬ್ಬರೂ ಕುಳಿತು ಈ ಲೇಖನದಲ್ಲಿರುವ ಪ್ರಶ್ನೆಗಳನ್ನೇ ಒಂದೊಂದಾಗಿ ಕೇಳಿದೆವು. ಒಳ್ಳೆಯ ಪ್ರತಿ ಸಾವಿರಾರು ಡಾಲರಿಗೆ ಹೋಗುವಾಗ ಇವನೇಕೆ ನಾಲ್ಕು ಸಾವಿರ ರೂಪಾಯಿಗೆ ಕೊಡುತ್ತಾನೆ? ಇದು ಮೂಲವೋ, ಮರುಮುದ್ರಣವೋ? ಆ ಸಂಚಿಕೆಯನ್ನು ಪ್ರಕಾಶಕರೇ 2019ರಲ್ಲಿ ಹಳೆಯದರಂತೆಯೇ ಕಾಣುವ ಹಾಗೆ ಮತ್ತೆ ಅಚ್ಚು ಹಾಕಿದ್ದಾರೆ. ಆಕ್ಷನ್ ಕಾಮಿಕ್ಸ್ ಕೂಡ 1974ರಲ್ಲಿ ದೊಡ್ಡ ಅಳತೆಯಲ್ಲಿ ಮರುಮುದ್ರಣವಾಗಿತ್ತು. ಅದರ ಹೊರ ರಕ್ಷಾಪುಟ ಕಿತ್ತು ಅಸಲಿ ಎಂದು ದಾಟಿಸಿದವರಿದ್ದಾರೆ. "ಮುದ್ರಣದ ವಿವರ ಇರುವ ಸಣ್ಣ ಅಕ್ಷರದ ಸಾಲು, ಚೀಟಿ ಇರುವ ಪುಟ, ಇವೆರಡರ ಫೋಟೋ ಕಳಿಸಿ" ಎಂದು ಹುಡುಗನೇ ಬರೆದ. ಅತ್ತ ಕಡೆಯಿಂದ ಉತ್ತರ ಬರಲಿಲ್ಲ. ಮರುದಿನ ಆ ಖಾತೆಯೇ ಇರಲಿಲ್ಲ.

ಅವನ ದುಡ್ಡು ಅವನ ಬಳಿಯೇ ಉಳಿಯಿತು. ಫೀಸಿನ ಬಗ್ಗೆ ಪ್ರಾಂಶುಪಾಲರಲ್ಲಿ ಮಾತಾಡಿದ್ದೇವೆ. ವಿದ್ಯಾರ್ಥಿವೇತನದ ಅರ್ಜಿ ತುಂಬಿದ್ದಾನೆ, ದಾರಿ ಆಗುತ್ತದೆ, ಇನ್‌ಶಾ ಅಲ್ಲಾಹ್. ಇಂಥ ಕಷ್ಟ ನಿಮ್ಮಲ್ಲಿ ಬೇರೆಯವರಿಗೂ ಇದ್ದರೆ ಅಪರಿಚಿತರ ಖಾತೆಗೆ ಹಣ ಕಳಿಸುವ ಮೊದಲು ನಮ್ಮ ಸ್ಟಾಫ್ ರೂಮಿನ ಬಾಗಿಲು ತಟ್ಟಿ. ಹೆಸರು ಹೊರಗೆ ಬರುವುದಿಲ್ಲ.

ಕೊನೆಗೊಂದು ಮಾತು. ಈ ಲೇಖನ ಬರೆಯುವಾಗ ನನಗೊಂದು ಕುತೂಹಲ ಹುಟ್ಟಿ, ನೀವೀಗ ಓದುತ್ತಿರುವ ಈ ಪತ್ರಿಕೆಯ ಮೊದಲ ಸಂಚಿಕೆ ಕೊಡಿ ಎಂದು ನಮ್ಮ ಗ್ರಂಥಪಾಲಕರಲ್ಲಿ ಕೇಳಿದೆ. ಬೈಂಡ್ ಮಾಡಿಸಿದ ಸಂಪುಟ ಇಳಿಸಿ ಕೊಟ್ಟರು. ಅದು ಎರಡನೇ ಸಂಚಿಕೆಯಿಂದ ಶುರುವಾಗುತ್ತದೆ. ಮೊದಲನೆಯದು ನಾಲ್ಕು ಪುಟದ ಜೆರಾಕ್ಸ್ ಹಾಳೆಯಾಗಿತ್ತಂತೆ. ಮುಂದುವರಿಯುತ್ತದೆ ಎಂದು ಆಗ ಯಾರಿಗೂ ನಂಬಿಕೆ ಇರಲಿಲ್ಲ, ಹಾಗಾಗಿ ಯಾರೂ ಎತ್ತಿಡಲಿಲ್ಲ. ಮಾರುಕಟ್ಟೆಯಲ್ಲಿ ಅದಕ್ಕೆ ಹತ್ತು ರೂಪಾಯಿಯೂ ಸಿಗದು. ನಮಗೆ ಮಾತ್ರ ಬೇಕು. ಹಳೆಯ ವಿದ್ಯಾರ್ಥಿಗಳಾದ ನಿಮ್ಮ ಅಣ್ಣ, ಅಕ್ಕಂದಿರ ಹಳೆಯ ಫೈಲುಗಳಲ್ಲಿ ಒಂದು ಪ್ರತಿ ಸಿಕ್ಕಿದರೆ ದಯವಿಟ್ಟು ಗ್ರಂಥಾಲಯಕ್ಕೆ ತಂದುಕೊಡಿ. ಹಾಗೆಯೇ ಈ ಸಂಚಿಕೆಯನ್ನೂ ಬಸ್ಸಿನ ಸೀಟಿನಲ್ಲಿ ಬಿಟ್ಟು ಹೋಗಬೇಡಿ. ಇದರ ಬೇರೆ ಪುಟಗಳಲ್ಲಿ ನಿಮ್ಮದೇ ಗೆಳೆಯ, ಗೆಳತಿಯರ ಹೆಸರು ಮೊದಲ ಸಲ ಅಚ್ಚಿನಲ್ಲಿ ಬಂದಿದೆ.